15ನೇ ಕ್ರೋಮೋಸೋಮಿನ ಒಂದೇ ತುಂಡು, ಎರಡು ಬೇರೆ ಕಾಯಿಲೆ. ಹೇಗೆ?

ಕುತೂಹಲಿ:
ಮೆಂಡೆಲ್ ಬಟಾಣಿ ಲೆಕ್ಕದಲ್ಲಿ ಜೀನ್ ಅಪ್ಪನಿಂದ ಬರಲಿ ಅಮ್ಮನಿಂದ ಬರಲಿ, ವ್ಯತ್ಯಾಸ ಇಲ್ಲ ಅಲ್ವಾ? ಆದರೆ 15ನೇ ಕ್ರೋಮೋಸೋಮಿನಲ್ಲಿ ಅದೇ ಜಾಗದ ತುಂಡು ಅಪ್ಪನ ಕಡೆಯದು ಕಾಣೆಯಾದರೆ ಪ್ರೇಡರ್-ವಿಲ್ಲಿ, ಅಮ್ಮನ ಕಡೆಯದು ಕಾಣೆಯಾದರೆ ಏಂಜೆಲ್ಮನ್ ಅಂತಾರೆ. ಇನ್ನೊಂದು ಪ್ರತಿ ಸರಿಯಾಗೇ ಇರುತ್ತದಲ್ಲ, ಅದ್ಯಾಕೆ ಕೆಲಸಕ್ಕೆ ಬರುವುದಿಲ್ಲ?

ಲ್ಯಾಬ್‌ಮೂಲೆ:
ಪ್ರತಿ ಇರುತ್ತದೆ, ಅದರ ಬಾಯಿ ಕಟ್ಟಿರುತ್ತದೆ. ಇದೇ ಇಂಪ್ರಿಂಟಿಂಗ್. ಆ ಜಾಗದ ಕೆಲವು ಜೀನುಗಳು ಅಮ್ಮನ ಪ್ರತಿಯಲ್ಲಿ ಮೀಥೈಲ್ ಗುರುತು (ಡಿಎನ್‌ಎ ಮೇಲೆ ಅಂಟುವ ರಾಸಾಯನಿಕ ಗುರುತು) ಬಿದ್ದು ಸುಮ್ಮನಾಗಿರುತ್ತವೆ, ಕೆಲಸವೆಲ್ಲ ಅಪ್ಪನ ಪ್ರತಿಯದೇ. ಅದು ಹೋಯಿತೋ, ಪ್ರೇಡರ್-ವಿಲ್ಲಿ: ಹುಟ್ಟಿದ ಮಗುವಿನ ಮೈಯೆಲ್ಲ ಜೋಲು, ಹಾಲು ಚೀಪುವುದಕ್ಕೂ ಶಕ್ತಿ ಇಲ್ಲ. ಕೆಲವು ವರ್ಷ ಕಳೆದ ಮೇಲೆ ಅದೇ ಮಗುವಿಗೆ ಎಷ್ಟು ತಿಂದರೂ ತೀರದ ಹಸಿವು. ಪಕ್ಕದಲ್ಲೇ ಇರುವ ಯುಬಿಇ3ಎ ಜೀನಿನದು ಉಲ್ಟಾ, ಮಿದುಳಿನ ನರಕೋಶಗಳಲ್ಲಿ ಅಮ್ಮನ ಪ್ರತಿಯೇ ನಡೆಯಬೇಕು. ಅದಿಲ್ಲದಿದ್ದರೆ ಏಂಜೆಲ್ಮನ್: ಮಾತು ಬರುವುದೇ ಕಷ್ಟ, ಫಿಟ್ಸ್, ತೂರಾಡುವ ನಡಿಗೆ, ಸುಮ್‌ಸುಮ್ನೆ ನಗು.

ಇನ್ನೂ ವಿಚಿತ್ರ ಕೇಳಿ. ಪ್ರೇಡರ್-ವಿಲ್ಲಿ ಇರುವವರಲ್ಲಿ ಸುಮಾರು ಕಾಲು ಭಾಗ ಜನರಿಗೆ ಯಾವ ತುಂಡೂ ಕಾಣೆಯಾಗಿರುವುದಿಲ್ಲ. ಎರಡೂ 15ನೇ ಕ್ರೋಮೋಸೋಮು ಅಮ್ಮನಿಂದಲೇ ಬಂದಿರುತ್ತವೆ, ಅಷ್ಟೇ. ಅದಕ್ಕೇ ಮೊದಲು ಈ ಮೀಥೈಲ್ ಗುರುತುಗಳನ್ನು ನೋಡುವ ಮೀಥೈಲೇಶನ್ ಟೆಸ್ಟ್ ಮಾಡಿಸುವುದು.

ಎರಡೆಳೆ:
ಮೈಟೋಕಾಂಡ್ರಿಯಾ ಮರೀಬೇಡಿ, ಜೀವಕೋಶಕ್ಕೆ ಶಕ್ತಿ ಒದಗಿಸುವ ಅದಕ್ಕೆ ತನ್ನದೇ ಡಿಎನ್‌ಎ ಇದೆ. ಅದರ 37 ಜೀನೂ ಅಮ್ಮನಿಂದಲೇ. ಮಗನಿಗೆ ಕಾಯಿಲೆ ಬರಬಹುದು, ಅವನಿಂದ ಮುಂದಕ್ಕೆ ದಾಟುವುದಿಲ್ಲ. ಒಂದೊಂದು ಜೀವಕೋಶದಲ್ಲೂ ಈ ಡಿಎನ್‌ಎಯ ನೂರಾರು ಪ್ರತಿ ಇರುವುದರಿಂದ ಕೆಟ್ಟಿದ್ದು ಎಷ್ಟು ಪಾಲು ಅನ್ನುವುದೇ ಮುಖ್ಯ. ಅದರ 3243ನೇ ಸ್ಥಾನದಲ್ಲಿ ಎ ಅಕ್ಷರ ಹೋಗಿ ಜಿ ಬಂದ ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಜೊತೆಗೆ ಕಿವುಡು, ಇನ್ನೊಬ್ಬರಿಗೆ ಚಿಕ್ಕ ವಯಸ್ಸಲ್ಲೇ ಸ್ಟ್ರೋಕ್ ಥರದ ಹೊಡೆತ.

ಹಳೇಬೇರು:
ಅಂದ್ರೆ ಅಜ್ಜಿ ಪಟ್ಟ ಕಷ್ಟವೂ ಮೊಮ್ಮಕ್ಕಳ ಜೀನಿನಲ್ಲಿ ಗುರುತಾಗಿ ಉಳಿಯುತ್ತದೆ, 1944-45ರಲ್ಲಿ ಯುದ್ಧದ ವೇಳೆ ನೆದರ್ಲೆಂಡ್ಸಿನಲ್ಲಿ ಬಂದ ಡಚ್ ಬರಗಾಲದಲ್ಲಿ ಸಾಬೀತಾಗಿದೆಯಲ್ಲ.

ಲ್ಯಾಬ್‌ಮೂಲೆ:
ಸಾಬೀತು ಅನ್ನಬೇಡಿ. ಆ ಬರಗಾಲದ ಹೊತ್ತಿಗೆ ಗರ್ಭದಲ್ಲಿ ಮೊಳೆತವರಲ್ಲಿ ಆರು ದಶಕ ಕಳೆದ ಮೇಲೂ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನಿನ ಮೀಥೈಲ್ ಗುರುತು ಒಡಹುಟ್ಟಿದವರಿಗಿಂತ ಕಡಿಮೆ ಇತ್ತು ಅಂತ 2008ರಲ್ಲಿ ಗೊತ್ತಾಯಿತು, ಅದು ನಿಜ. ಆದರೆ ಆ ಹಸಿವು ತಟ್ಟಿದ್ದು ನೇರವಾಗಿ ಅವರಿಗೇ. ಬಸುರಿಯ ಹೊಟ್ಟೆಯಲ್ಲಿರುವ ಹೆಣ್ಣು ಮಗುವಿನೊಳಗೆ ಮುಂದಿನ ಪೀಳಿಗೆಯ ಅಂಡಾಣುವೂ ಆಗಲೇ ಇರುತ್ತದೆ. ಹಾಗಾಗಿ ಮೊಮ್ಮಗುವಿನಲ್ಲಿ ಕಂಡರೂ ಸಾಲದು, ಮರಿಮೊಮ್ಮಗುವಿನಲ್ಲಿ ಕಂಡರೆ ಮಾತ್ರ ಆನುವಂಶಿಕ ಅನ್ನಬಹುದು. ಮನುಷ್ಯರಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ.

ಕುತೂಹಲಿ:
ಥ್ಯಾಂಕ್ಸ್. ಮೊದಲ ಮಗುವಿಗೆ ಪ್ರೇಡರ್-ವಿಲ್ಲಿ ಇದ್ದರೆ ಎರಡನೆಯದಕ್ಕೂ ಬರುತ್ತದಾ?

ಲ್ಯಾಬ್‌ಮೂಲೆ:
ತುಂಡು ಹೊಸದಾಗಿ ಹಾರಿಹೋಗಿದ್ದರೆ, ಸಾಮಾನ್ಯವಾಗಿ ಆಗುವುದೂ ಹಾಗೇ, ಶೇ. 1ಕ್ಕಿಂತ ಕಡಿಮೆ. ಗುರುತು ಹಾಕಿಸುವ ಇಂಪ್ರಿಂಟಿಂಗ್ ಸೆಂಟರ್ ಅನ್ನುವ ಡಿಎನ್‌ಎ ಭಾಗದ್ದೇ ಚೂರು ಅಪ್ಪನಲ್ಲಿ ಕಾಣೆಯಾಗಿದ್ದರೆ ಮಾತ್ರ ಶೇ. 50ರವರೆಗೆ. ಆ ಅಪ್ಪ ಗಟ್ಟಿಮುಟ್ಟಾಗೇ ಇರಬಹುದು, ಅವನಿಗೆ ಆ ಕ್ರೋಮೋಸೋಮು ಬಂದದ್ದು ಅವನ ಅಮ್ಮನಿಂದಾದರೆ.