ಬಟಾಣಿ ಎಲೆಗೆ ಬೂದಿ, ಕಾಯಿಗೆ ಕೀಡೆ: ಬೆಳೆದವರು ಹೇಳಿ

ಹುಮನಾಬಾದ್ ತಾಲ್ಲೂಕಿನಿಂದ ಪ್ರಶ್ನೆ:
ತೊಗರಿ, ಕಡಲೆ ಬಿಟ್ಟು ನಮ್ಮ ಮನೆಯಲ್ಲಿ ಬೇರೆ ಕಾಳು ಬೆಳೆದವರಿಲ್ಲ. ಕಳೆದ ವರ್ಷ ಬಾವಿಯ ಪಕ್ಕದ ಹತ್ತು ಗುಂಟೆಯಲ್ಲಿ ಅರ್ಕೆಲ್ ತಳಿಯ ಬಟಾಣಿ ಹಾಕಿದ್ದೆ. ಬಿತ್ತಿದ್ದು ನವೆಂಬರ್ ಕೊನೆಗೆ. ಕಾಯಿ ಕಟ್ಟುವ ಹೊತ್ತಿಗೆ ಎಲೆಯ ಮೇಲೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿ ಪುಡಿ, ಆಮೇಲೆ ಕಾಯಿಯೊಳಗೆ ಕೀಡೆ. ಅಲ್ಲಲ್ಲಿ ಗಿಡಗಳು ನಿಂತಲ್ಲೇ ಒಣಗಿದವು. ಈ ಸಲ ಇಪ್ಪತ್ತು ಗುಂಟೆ ಹಾಕುವ ಆಸೆ. ಯಾವ ಎಣ್ಣೆ (ಔಷಧಿ) ಹೊಡೆಯಬೇಕು?

ಭಾಲ್ಕಿಯಿಂದ:
ಅಣ್ಣ, ಎಣ್ಣೆಯ ಮಾತು ಆಮೇಲೆ. ನೀವು ಬಿತ್ತಿದ್ದೇ ತಡವಾಗಿ. ಅರ್ಕೆಲ್ 55-60 ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ. ನವೆಂಬರ್ ಕೊನೆಗೆ ಬಿತ್ತಿದರೆ ಕಾಯಿ ತುಂಬುವಾಗ ಚಳಿ ಹಿಂದೆ ಸರಿದು ಬಿಸಿಲು ಏರಿರುತ್ತದೆ. ನಾನು ಅಕ್ಟೋಬರ್ ಮಧ್ಯದಲ್ಲಿ ಬಿತ್ತುತ್ತೇನೆ. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ನಮ್ಮ ಹೊಲದ್ದೇ ಕಾಳು.

ಆ ಬಿಳಿ ಪುಡಿಯೇ ಬೂದಿ ರೋಗ, ಅದು ಮಳೆಯಿಂದ ಬರುವುದಲ್ಲ. ಹಗಲು ಒಣ ಹವೆ, ರಾತ್ರಿ ತಂಪು ಮತ್ತು ಇಬ್ಬನಿ ಇದ್ದರೆ ಅದಕ್ಕೆ ಹಬ್ಬ. ಮೊದಲು ಕೆಳಗಿನ ಎಲೆಯಲ್ಲಿ ಚುಕ್ಕೆಯಾಗಿ ಕಾಣಿಸುತ್ತದೆ. ನಮ್ಮ ಹೊಲ ರಸ್ತೆಯ ಪಕ್ಕದಲ್ಲಿದೆ. ಲಾರಿಯ ದೂಳೆಂದು ಒಂದು ವಾರ ಸುಮ್ಮನಿದ್ದೆ, ಅಷ್ಟರಲ್ಲಿ ಕಾಯಿಯವರೆಗೂ ಏರಿತ್ತು. ಚುಕ್ಕೆ ಕಂಡ ದಿನವೇ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ, ಅಂದರೆ 15 ಲೀಟರ್ ಪಂಪಿಗೆ 45 ಗ್ರಾಂ. ಸಂಜೆಯೇ ಹೊಡೆಯಬೇಕು. ಒಮ್ಮೆ ಆಳು ಮತ್ತೆ ಸಿಗುವುದಿಲ್ಲವೆಂದು ಮಧ್ಯಾಹ್ನವೇ ಹೊಡೆಸಿದೆ. ಎರಡು ಸಾಲಿನ ಎಲೆಯಂಚು ಸುಟ್ಟ ಹಪ್ಪಳದಂತಾಯಿತು.

ತಳಿ ಬದಲಿಸುವುದಾದರೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಇದೆ. ಬೂದಿ ರೋಗ, ತುಕ್ಕು ರೋಗ ಎರಡನ್ನೂ ತಡೆದುಕೊಳ್ಳುತ್ತದೆ. ಆದರೆ ಸುಮಾರು 90 ದಿನದ ಬೆಳೆ, ನಮ್ಮ ಚಳಿಯೋ ಗಿಡ್ಡ. ಬಿತ್ತನೆ ತಡವಾದರೆ ಅದೂ ಕೈಕೊಡುತ್ತದೆ.

ಯಾದಗಿರಿಯಿಂದ:
ಅಕ್ಟೋಬರ್ ಲೆಕ್ಕ ಬೀದರ್‌ನವರಿಗೆ ಸರಿ, ನೀವು ಎತ್ತರದಲ್ಲಿದ್ದೀರಿ. ನಮ್ಮಲ್ಲಿ ಆಗ ಬಿಸಿಲೂ ಇಳಿದಿರುವುದಿಲ್ಲ, ಎರೆ ಭೂಮಿಯ ಹಸಿಯೂ ಆರಿರುವುದಿಲ್ಲ. 30 ಡಿಗ್ರಿ ದಾಟಿದರೆ ಬಟಾಣಿ ಹೂವು ಉದುರಿಸುತ್ತದೆ. ನಾನು ನವೆಂಬರ್ ಮೊದಲ ವಾರಕ್ಕೆ ಕಾಯುತ್ತೇನೆ.

ಆಳಂದದಿಂದ:
ನಿಂತಲ್ಲೇ ಒಣಗಿದ ಗಿಡವನ್ನು ಕಿತ್ತು, ಬುಡದ ಹತ್ತಿರ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದಿರಾ? ಒಳಗೆ ಹಳದಿ-ಕಿತ್ತಳೆ ಬಣ್ಣದ ಗೆರೆ ಇದ್ದರೆ ಸೊರಗು ರೋಗ. ಗೆರೆ ಇಲ್ಲದೆ ಬೇರು ಮತ್ತು ಬುಡದ ಸಿಪ್ಪೆ ಕಪ್ಪಾಗಿ ಕೊಳೆತಿದ್ದರೆ ನೀರು ನಿಂತದ್ದು. ಅದಕ್ಕೆ ಬೋದು (ಗಿಡ ನಿಲ್ಲುವ ಮಣ್ಣಿನ ದಿಂಡು) ಎತ್ತರಿಸಬೇಕು, ಔಷಧಿಯಲ್ಲ.

ತೊಗರಿಯ ನೆಟೆ ರೋಗವೇ ಬಟಾಣಿಗೂ ಬಂತೆಂದು ಕೆಲವರು ಹೇಳುತ್ತಾರೆ. ಎರಡೂ ಫ್ಯುಸೇರಿಯಂ ಕುಲದ ಶಿಲೀಂಧ್ರಗಳೇ, ಆದರೆ ಜಾತಿ ಬೇರೆ. ಸೊರಗು ರೋಗವಾಗಿದ್ದರೆ ನಿಮ್ಮ ಬಾವಿಯ ಪಕ್ಕದ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಕುಳಿತಿರುತ್ತದೆ. ಅಲ್ಲಿ ಜೋಳ ಹಾಕಿ, ಬಟಾಣಿಗೆ ಬೇರೆ ಜಾಗ ನೋಡಿ. ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಹಚ್ಚಿ ನೆರಳಲ್ಲಿ ಆರಿಸಿ ಬಿತ್ತಿ.

ಸೇಡಂನಿಂದ:
ಬಾವಿಯ ಸುತ್ತ ತೊಗರಿ ಇತ್ತೇ ಅಣ್ಣ? ಇದ್ದರೆ ಆ ಕೀಡೆಯ ತವರು ಅದೇ. ತೊಗರಿಯಾದರೆ ಗಿಡ ಅಲುಗಿಸಿ ಪ್ಲಾಸ್ಟಿಕ್ ಹಾಳೆಗೆ ಕೀಡೆ ಉದುರಿಸುತ್ತೇವೆ. ಬಟಾಣಿಯ ಬಳ್ಳಿ ಎಳೆದರೆ ಮುರಿಯುತ್ತದೆ, ಆ ಆಟ ಇಲ್ಲಿ ನಡೆಯದು. ಕಾಯಿಗೆ ದುಂಡನೆಯ ತೂತು, ಅರ್ಧ ಮೈ ಒಳಗೆ, ಅರ್ಧ ಹೊರಗೆ: ಹೀಗೆ ಕಂಡಾಗ ಅದು ಬಲಿತಿರುತ್ತದೆ, ಕೈಯಿಂದ ಆರಿಸಿ ತೆಗೆಯುವುದೇ ಸರಿ. ಹೂವಾಡುವಾಗಲೇ ಮೊಗ್ಗು ತಿರುಗಿಸಿ ನೋಡಿ. ಗಸಗಸೆಯಂತಹ ಮೊಟ್ಟೆ ಕಂಡರೆ ಬೇವಿನ ಬೀಜದ ಕಷಾಯ ಹೊಡೆಯಿರಿ: 15 ಲೀಟರ್ ಪಂಪಿಗೆ 750 ಗ್ರಾಂ ಪುಡಿ, ರಾತ್ರಿಯಿಡೀ ಬಟ್ಟೆಯ ಗಂಟಿನಲ್ಲಿ ನೆನೆಸಿ ಹಿಂಡಬೇಕು. ಸರಿಯಾಗಿ ಸೋಸದಿದ್ದರೆ ನಳಿಕೆ ಕಟ್ಟಿಕೊಂಡು ಅರ್ಧ ದಿನ ಹಾಳು. ನಿಮ್ಮ ಇಪ್ಪತ್ತು ಗುಂಟೆಗೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಎರಡು ಮೂರು ಸಾಕು.

ಕಾಯಿ ತುಂಬಿದ ಮೇಲೆ ವಿಷ ಬೇಡವೇ ಬೇಡ. ನಮ್ಮ ಮಕ್ಕಳು ಬುಟ್ಟಿಗೆ ಹಾಕುವುದಕ್ಕಿಂತ ಸುಲಿದು ಬಾಯಿಗೆ ಹಾಕಿಕೊಳ್ಳುವುದೇ ಹೆಚ್ಚು. ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗೆ ಹೆದರಬೇಡಿ, ಆ ಎಲೆಗಳನ್ನು ಕಿತ್ತರೆ ಮುಗಿಯಿತು.

ಹುಮನಾಬಾದ್‌ನಿಂದ ಮತ್ತೆ:
ಅಕ್ಕ, ಬಾವಿಯ ಮೂರು ಕಡೆಯೂ ತೊಗರಿಯೇ ಇತ್ತು. ಜಾಗ ಬದಲಿಸುತ್ತೇನೆ. ಬೀಜ ಮಾತ್ರ ಮತ್ತೆ ಅರ್ಕೆಲ್ಲೇ ತಂದುಬಿಟ್ಟಿದ್ದೇನೆ.

ಭಾಲ್ಕಿಯಿಂದ:
ಹಾಗಾದರೆ ಅದನ್ನೇ ಬಿತ್ತಿ. ಗಂಧಕ ಮಾತ್ರ ಮೊದಲೇ ತಂದಿಡಿ, ಮಧ್ಯಾಹ್ನ ಪಂಪು ಮುಟ್ಟಬೇಡಿ.