ಹ್ಯಾನ್ಸೆಲ್ ಮತ್ತು ಗ್ರೆಟೆಲ್: ಮಕ್ಕಳನ್ನು ಕಾಡಿಗೆ ಅಟ್ಟಿದವಳು ತಾಯಿಯೋ, ಮಲತಾಯಿಯೋ?

ಪ್ರಶ್ನೆ:
ಗ್ರಿಮ್ ಸಹೋದರರ ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ ಕಥೆಯಲ್ಲಿ, ಬರಗಾಲ ಬಂದಾಗ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರೋಣವೆಂದು ಗಂಡನನ್ನು ಒಪ್ಪಿಸುವವಳು ಮಲತಾಯಿ ಎಂದೇ ನಾನು ಓದಿದ್ದೆ. ಈಚೆಗೆ ಇದೇ ಕಥೆಯನ್ನು ಆಧರಿಸಿ ಜರ್ಮನ್ ಸಂಗೀತ ಸಂಯೋಜಕ ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ರಚಿಸಿದ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಕೇಳಿದಾಗ ಅಲ್ಲಿ ಹೆತ್ತ ತಾಯಿಯೇ ಇರುವುದನ್ನೂ, ಅವಳು ಕ್ರೂರಿಯಲ್ಲದಿರುವುದನ್ನೂ ಕಂಡು ಗೊಂದಲವಾಯಿತು. ಮೊದಲಿಗೆ ಇದ್ದವಳು ಯಾರು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲಿಗೆ ಇದ್ದವಳು ಹೆತ್ತ ತಾಯಿಯೇ. 1812ರಲ್ಲಿ ಅಚ್ಚಾದ ಗ್ರಿಮ್ ಕಥಾಸಂಗ್ರಹದ ಮೊದಲ ಸಂಪುಟದಲ್ಲಿ ಇದು 15ನೆಯ ಕಥೆ; ಅಲ್ಲಿ ಮಲತಾಯಿಯ ಸುಳಿವೇ ಇಲ್ಲ. 1840ರ ನಾಲ್ಕನೆಯ ಆವೃತ್ತಿಯಲ್ಲಿ ಮಾತ್ರ ಅವಳು ಮಲತಾಯಿಯಾದಳು. ಕಥೆಗಳನ್ನು ಮನೆಮಂದಿಯೆಲ್ಲ ಓದುವಂತೆ ತಿದ್ದುತ್ತಾ ಬಂದ ವಿಲ್ಹೆಲ್ಮ್ ಗ್ರಿಮ್ ಅವರಿಗೆ, ಹೆತ್ತವಳೇ ಮಕ್ಕಳನ್ನು ಸಾಯಲು ಬಿಡುವುದು ಸಹಿಸಲಾಗದ ಮಾತಾಗಿ ಕಂಡಿರಬೇಕು. ಆದರೆ ಈ ತಿದ್ದುಪಡಿಯಿಂದ ಕಥೆಯ ಮೊನೆಯೇ ಮೊಂಡಾಯಿತೆಂಬುದು ನನ್ನ ಅಭಿಪ್ರಾಯ. ಒಬ್ಬೊಬ್ಬರಿಗೆ ಒಂದೊಂದು ತುಂಡು ರೊಟ್ಟಿ ಮಾತ್ರ ಉಳಿದಿರುವ ಮನೆ ಅದು. ಆ ತುಂಡನ್ನೂ ತಿನ್ನದೆ, ದಾರಿ ಗುರುತಿಗೆಂದು ಪುಡಿ ಮಾಡಿ ಉದುರಿಸುತ್ತಾ ನಡೆಯುತ್ತಾನೆ ಹುಡುಗ. ಹಸಿವು ತಾಯಿಯನ್ನೂ ಏನು ಮಾಡಬಲ್ಲದೆಂಬುದನ್ನು ಮೊದಲ ಆವೃತ್ತಿ ಮುಚ್ಚಿಡದೆ ಹೇಳುತ್ತದೆ.

ಕಥೆ ಸಹೋದರರಿಗೆ ದೊರೆತದ್ದು ಜರ್ಮನಿಯ ಕಾಸೆಲ್ ನಗರದಲ್ಲಿ. ಕಾಡಿನಲ್ಲಿನ ತನ್ನ ತಿನಿಸಿನ ಮನೆಯನ್ನು ಮೆಲ್ಲುತ್ತಿರುವವರು ಯಾರೆಂಬ ಮಾಟಗಾತಿಯ ಪ್ರಶ್ನೆಗೆ ಮಕ್ಕಳು ‘ಗಾಳಿ, ಗಾಳಿ’ ಎಂದು ಉತ್ತರಿಸುವ ಪದ್ಯವನ್ನು ಅವರಿಗೆ ಹೇಳಿದವರು ನೆರೆಮನೆಯ ಡಾರ್ಟ್‌ಶೆನ್ ವೈಲ್ಡ್; ಮುಂದೆ 1825ರಲ್ಲಿ ವಿಲ್ಹೆಲ್ಮ್ ಕೈಹಿಡಿದದ್ದು ಇವರನ್ನೇ.

ಉತ್ತರ 2:
ಆಪೆರಾದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದರ ಸಾಹಿತ್ಯ ಬರೆದವರು ಹಂಪರ್‌ಡಿಂಕ್ ಅವರ ತಂಗಿ ಆಡೆಲ್‌ಹೈಡ್ ವೆಟ್ಟೆ. ತಮ್ಮ ಮಕ್ಕಳ ಮನೆಯಾಟಕ್ಕಾಗಿ ಕೆಲವು ಹಾಡುಗಳಿಗೆ ರಾಗ ಹಾಕಿಕೊಡುವಂತೆ 1890ರಲ್ಲಿ ಅವರು ಅಣ್ಣನನ್ನು ಕೇಳಿದ್ದೇ ಬೀಜವಾಗಿ, 1893ರ ಡಿಸೆಂಬರ್ 23ರಂದು ಜರ್ಮನಿಯ ವೈಮಾರ್ ನಗರದಲ್ಲಿ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಅವರ ವಾದ್ಯವೃಂದ ನಿರ್ದೇಶನದಲ್ಲಿ ಪೂರ್ಣ ಆಪೆರಾ ರಂಗಕ್ಕೆ ಬಂತು. ಇಲ್ಲಿನ ತಾಯಿ ಗೆರ್‌ಟ್ರೂಡ್, ಕೆಲಸ ಬಿಟ್ಟು ಕುಣಿಯುತ್ತಿದ್ದ ಮಕ್ಕಳನ್ನು ಹೊಡೆಯಹೋದಾಗ ಮನೆಯಲ್ಲಿದ್ದ ಒಂದೇ ಹಾಲಿನ ಕುಡಿಕೆ ಒಡೆದು ಚೂರಾಗುತ್ತದೆ. ಸಿಟ್ಟಿನಲ್ಲಿ ಅವರನ್ನು ಸ್ಟ್ರಾಬೆರಿ ಆರಿಸಲು ಕಾಡಿಗೆ ಕಳುಹಿಸಿ, ಆಮೇಲೆ ಒಬ್ಬಳೇ ಕುಳಿತು ಅಳುತ್ತಾಳೆ. ಪೊರಕೆ ಮಾರಿ ಮರಳಿದ ಗಂಡ ಮಾಟಗಾತಿಯ ವಿಷಯ ಹೇಳಿದೊಡನೆ ಇಬ್ಬರೂ ಮಕ್ಕಳನ್ನು ಹುಡುಕಿಕೊಂಡು ಓಡುತ್ತಾರೆ. ಆದ್ದರಿಂದ ಬಡತನವನ್ನು ಇಲ್ಲಿ ಮರೆಮಾಚಲಾಗಿದೆ ಎನ್ನಲಾಗದು. ಖಾಲಿ ಹೊಟ್ಟೆ ಮೊದಲ ದೃಶ್ಯದಿಂದಲೇ ಇದೆ, ಹೋಗಿರುವುದು ಸಂಚು ಮಾತ್ರ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರ ಓದಿದ ಮೇಲೆ ಆಪೆರಾವನ್ನು ಮೊದಲಿನಿಂದ ಮತ್ತೆ ಕೇಳಿದೆ. ಕಾಡಿನಲ್ಲಿ ಕತ್ತಲಾದಾಗ ಮಕ್ಕಳು 14 ದೇವದೂತರನ್ನು ನೆನೆದು ಹಾಡುವ ಪ್ರಾರ್ಥನೆಯ ರಾಗವನ್ನು, ಪರದೆ ಏಳುವುದಕ್ಕೂ ಮುಂಚೆಯೇ, ಕೊಂಬುವಾದ್ಯಗಳು ಮೆಲ್ಲನೆ ನುಡಿಸಿಬಿಟ್ಟಿರುತ್ತವೆ. ಮೊದಲ ಸಲ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.