ಮನೆ ಮೇಲೆ ಸೋಲಾರ್ ಹಾಕ್ಸಿದೋರು ದಯವಿಟ್ಟು ಅನುಭವ ಹೇಳಿ

ಚಿತ್ರದುರ್ಗದಲ್ಲಿ ನಮ್ಮದು ಆರ್‌ಸಿಸಿ ಮನೆ, ತಿಂಗಳಿಗೆ 300 ಯೂನಿಟ್ ದಾಟ್ತಿದೆ. 3 ಕಿಲೋವ್ಯಾಟ್ ಆನ್‌ಗ್ರಿಡ್ (ಬ್ಯಾಟರಿ ಇಲ್ದೆ ನೇರ ಕರೆಂಟ್ ಲೈನಿಗೇ ಸೇರಿಸೋದು) ಹಾಕ್ಸೋಣ ಅಂತಿದೀವಿ. ಕರೆಂಟ್ ಹೋದಾಗ್ಲೂ ಫ್ಯಾನ್ ಓಡತ್ತೆ ಅಂತ ಹಾಕೋರು ಹೇಳ್ತಿದಾರೆ, ನಿಜಾನಾ?

ತುಮಕೂರಿಂದ:
ಇಲ್ಲ ಮೇಡಂ, ಬ್ಯಾಟರಿ ಇಲ್ದೆ ಓಡಲ್ಲ. ಪ್ಯಾನಲ್‌ನಲ್ಲಿರೋ ಸಿಲಿಕಾನ್ ಮೇಲೆ ಬೆಳಕು ಬಿದ್ರೆ ಡಿಸಿ ಕರೆಂಟ್ ಹುಟ್ಟತ್ತೆ, ಅದನ್ನ ಇನ್ವರ್ಟರ್ ಮನೇಲಿ ಬಳಸೋ ಎಸಿ ಕರೆಂಟ್ ಮಾಡಿ ಲೈನಿನ 50 ಹರ್ಟ್ಸ್‌ಗೆ ಹೊಂದಿಸ್ಕೊಂಡು ಕೊಡತ್ತೆ, ಲೈನೇ ಸತ್ರೆ ಅದೂ ತಾನಾಗೇ ಆಫ್ ಆಗತ್ತೆ. ಆಗ್ಲೇಬೇಕು, ಇಲ್ಲಾಂದ್ರೆ ಕಂಬದ ಮೇಲೆ ರಿಪೇರಿ ಮಾಡ್ತಿರೋ ಲೈನ್‌ಮನ್‌ಗೆ ನಮ್ಮನೆ ಕರೆಂಟ್ ಹೊಡಿಯತ್ತೆ.

ಇನ್ನೊಂದು, ನೆರಳು ನೋಡ್ಕೊಳ್ಳಿ. ನಮ್ಮನೆಗೆ ಸರ್ವೆಗೆ ಬಂದಿದ್ದು ಏಪ್ರಿಲ್ ಕೊನೇಲಿ, ಸೂರ್ಯ ನೆತ್ತಿ ಮೇಲೆ, ಎಲ್ಲೂ ನೆರಳೇ ಇರ್ಲಿಲ್ಲ. ಡಿಸೆಂಬರ್ ಬಂತು ನೋಡಿ, ಸೂರ್ಯ ದಕ್ಷಿಣಕ್ಕೆ ವಾಲಿದ, ದಕ್ಷಿಣದ ಕಡೆ ಇದ್ದ ನೀರಿನ ಟ್ಯಾಂಕ್ ನೆರಳು ಮಧ್ಯಾಹ್ನಾನೂ ಎರಡು ಪ್ಯಾನಲ್ ಮೇಲೆ. ಪ್ಯಾನಲ್‌ಗಳು ಸರಪಣಿ ಥರ ಸೀರೀಸಲ್ಲಿ ಇರೋದ್ರಿಂದ ಒಂದರ ಮೇಲೆ ನೆರಳು ಬಿದ್ರೂ ಇಡೀ ಸಾಲಿಗೆ ಪೆಟ್ಟು, ನೆರಳು ಬಿದ್ದ ಭಾಗ ಬಿಟ್ಟು ಕರೆಂಟ್ ಪಕ್ಕದಿಂದ ದಾಟಿಸೋ ಬೈಪಾಸ್ ಡಯೋಡ್ ಇರೋದಕ್ಕೆ ಪೂರ್ತಿ ನಿಲ್ಲಲ್ಲ ಅಷ್ಟೆ. ಕೊನೆಗೆ ಟ್ಯಾಂಕನ್ನೇ ಉತ್ತರಕ್ಕೆ ಸರಿಸಿದ್ವಿ, ಪ್ಲಂಬಿಂಗ್ ಖರ್ಚು ಬೇರೆ. ನೀವು ಮೊದ್ಲೇ ನೋಡ್ಕೊಳ್ಳಿ, ತೆಂಗಿನಮರ ಇದ್ರೆ ಅದನ್ನೂ.

ಹುಬ್ಬಳ್ಳಿಯಿಂದ:
ಅಕ್ಕಾರ, ನೆಟ್ ಮೀಟರ್ (ಒಳಗ ಬಂದ ಕರೆಂಟ್, ಹೊರಗ ಹೋದ ಕರೆಂಟ್ ಎರಡೂ ಬ್ಯಾರೆ ಬ್ಯಾರೆ ಎಣಿಸೂ ಮೀಟರ್) ಕೂಡ್ಸೂತನಕ ಆನ್ ಮಾಡಬ್ಯಾಡ್ರಿ. ನಮ್ಮಲ್ಲಿ ಹುಡುಗ್ರು ಅವಸರ ಮಾಡಿ ಆನ್ ಮಾಡಿಬಿಟ್ರು, ಹಳೇ ಮೀಟರಿಗೆ ಕರೆಂಟ್ ಒಳಗ ಬರಾಕತ್ತೈತೋ ಹೊರಗ ಹೊಂಟೈತೋ ಗೊತ್ತಾಗಂಗಿಲ್ಲ, ಲೈನಿಗೆ ಕೊಟ್ಟಿದ್ದನ್ನೂ ನಾವ ಬಳಸೀವಿ ಅಂತ ಎಣಿಸಿ ಆ ತಿಂಗಳ ಬಿಲ್ ಹೆಚ್ಚಿಗಿನ ಬಂತ್ರಿ.

ಮೈಸೂರಿಂದ:
ನಮ್ದೂ 3 ಕಿಲೋವ್ಯಾಟೇ, ಬಿಸಿಲು ಚೆನ್ನಾಗಿದ್ರೆ ದಿನಕ್ಕೆ 12 ಯೂನಿಟ್ ಹತ್ರ ಬರತ್ತೆ, ಜುಲೈ ಮೋಡದಲ್ಲಿ ಅರ್ಧಕ್ಕೂ ಇಳಿದಿದ್ದುಂಟು. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ, ಕೆಲಸ ಮುಗಿದ ಮೇಲೆ ನೇರ ಬ್ಯಾಂಕ್ ಖಾತೆಗೆ ಬರೋದು, ಹಾಗಾಗಿ ಮೊದ್ಲು ಪೂರ್ತಿ ದುಡ್ಡು ಹೊಂದಿಸ್ಕೋಬೇಕು. ಪ್ಯಾನಲ್ ಕೆಳಗೆ ಗಾಳಿ ಆಡೋಕೆ ಜಾಗ ಬಿಡ್ಸಿ, ಕಾದಷ್ಟೂ ಉತ್ಪಾದನೆ ಕಮ್ಮಿ, 25 ಡಿಗ್ರಿ ಮೇಲೆ ಒಂದೊಂದು ಡಿಗ್ರಿಗೂ ಶೇ. 0.3-0.4ರಷ್ಟು ಇಳಿಯತ್ತೆ. ನಿಮ್ಮೂರಲ್ಲಿ ಧೂಳು ಜಾಸ್ತಿ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ತಂಪಿರೋವಾಗ ತೊಳೀರಿ, ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಹಾಕ್ಬೇಡಿ.